ಹನುಮೇಶ ಅಲ್ಲ, ಹನುಮಂತಪ್ಪ: ಒಂದು ಮರಣ ಪ್ರಮಾಣಪತ್ರ ಗಂಗಾವತಿ ಕಡೆಯಿಂದ ದುಬೈ ಮುಟ್ಟಿದ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿರುವ ಹೆಸರುಗಳೆಲ್ಲ ಬದಲಿಸಿದವು. ಊರಿನ ಹೆಸರು ಬರೆದಿಲ್ಲ, ಕಂಪನಿಯದೂ ಇಲ್ಲ, ಆಸ್ಪತ್ರೆಯದೂ ಇಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಆಚೀಚೆ ಮಾಡಿದ್ದೇನೆ. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. "ಬರೀರಿ ಅಣ್ಣಾ, ನಮ್ಮಂಗ ಇನ್ನೊಬ್ರು ಅಡ್ಡಾಡಬಾರದು" ಅಂದರು ಆ ತಾಯಿ.

ನಾನು ಗಂಗಾವತಿಯಲ್ಲಿ ಅರ್ಜಿ, ಅಫಿಡವಿಟ್ ಟೈಪ್ ಮಾಡಿಕೊಡುವ ಕೆಲಸದವನು. ಪಹಣಿ, ವಂಶವೃಕ್ಷ, ಪಿಂಚಣಿ ಅರ್ಜಿ ಅಂತ ದಿನ ಕಳೆಯುತ್ತದೆ. ವಿದೇಶಕ್ಕೆ ಹೋಗಬೇಕಾದ ಕಾಗದ ಅಪರೂಪಕ್ಕೆ ಬರುತ್ತದೆ. ಹೀಗೆ ಬಂದವುಗಳಲ್ಲಿ ನನಗೆ ಜಾಸ್ತಿ ಕಲಿಸಿದ್ದು ಇದೊಂದು.

ಮನೆ, ಮನುಷ್ಯ, ಸಾವು

ಹನುಮಂತಪ್ಪನವರಿಗೆ 46 ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಾಯುವ ಎರಡು ಎಕರೆ ಭತ್ತದ ಗದ್ದೆ. ಹೆಂಡತಿ ಗಂಗಮ್ಮ, ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ. ಹನ್ನೊಂದು ವರ್ಷದಿಂದ ದುಬೈನ ಒಂದು ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ರಜೆ. ಆ ಸಲ ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಗೆ ಸರಿಯಾಗಿ ಬಂದಿದ್ದರು.

ಬಂದು ವಾರ ಆಗಿತ್ತಷ್ಟೆ. ಒಂದು ರಾತ್ರಿ ಎದೆನೋವು. ಗಂಗಾವತಿಯ ಡಾಕ್ಟರು ನೋಡಿ, ತಡ ಮಾಡಬೇಡಿ, ಬಳ್ಳಾರಿಗೆ ಒಯ್ಯಿರಿ ಅಂದರು. ಕಾರು ಮಾಡಿಕೊಂಡು ಕಂಪ್ಲಿ ದಾರಿಯಲ್ಲಿ ಹೋದರು. ಜೊತೆಗಿದ್ದದ್ದು ಗಂಗಮ್ಮನ ತಮ್ಮ. ಆಸ್ಪತ್ರೆಯ ಬಾಗಿಲಲ್ಲಿ ಹೆಸರು ಕೇಳಿದರು. ಹುಡುಗ ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದ: "ಹನುಮೇಶ್ ಮಾಮಾ… ಹನುಮೇಶ್ ಅಂತ ಬರೀರಿ." ಆ ಹೊತ್ತಿನಲ್ಲಿ ಪಾಸ್‌ಪೋರ್ಟು ಯಾರಿಗೆ ನೆನಪಾಗುತ್ತದೆ? ಬೆಳಗಿನ ಜಾವ ಅವರು ತೀರಿಕೊಂಡರು.

ನಮ್ಮ ಕಡೆ ಒಬ್ಬನಿಗೆ ಎರಡು ಮೂರು ಹೆಸರು ಇರುವುದು ಸಾಮಾನ್ಯ. ತೊಟ್ಟಿಲಲ್ಲಿ ಇಟ್ಟ ಹೆಸರೊಂದು, ಶಾಲೆಯಲ್ಲಿ ಮಾಸ್ತರರು ಬರೆದದ್ದೊಂದು, ಓಣಿಯಲ್ಲಿ ಕರೆಯುವುದೊಂದು. ಹನುಮಪ್ಪ, ಹನುಮೇಶ, ಹನುಮಂತಪ್ಪ ಮೂರೂ ಇವರೇ. ರೇಷನ್ ಕಾರ್ಡಿನಲ್ಲಿ ಹನುಮಪ್ಪ. ಆಧಾರ್ ಮತ್ತು ಪಾಸ್‌ಪೋರ್ಟಿನಲ್ಲಿ ಹನುಮಂತಪ್ಪ. ಊರಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ತಿಥಿ ಮುಗಿದ ಮೇಲೆ ಮರಣ ಪತ್ರಕ್ಕೆ ಊರಿನ ಗ್ರಾಮ ಆಡಳಿತ ಅಧಿಕಾರಿ ಹತ್ತಿರ ಹೋದರು. ಅವರು ಸರಿಯಾಗೇ ಹೇಳಿದರು: ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ, ಊರು ಯಾವುದು ಅನ್ನುವುದು ಲೆಕ್ಕಕ್ಕಿಲ್ಲ. ಆಸ್ಪತ್ರೆಯಲ್ಲಿ ಆದ ಸಾವಿನ ಮಾಹಿತಿಯನ್ನು ಆಸ್ಪತ್ರೆಯೇ ನೋಂದಣಾಧಿಕಾರಿಗೆ ಕೊಡಬೇಕು. 21 ದಿನದೊಳಗೆ ಆದರೆ ಶುಲ್ಕ ಇಲ್ಲ. ಇಲ್ಲಿ ಆಸ್ಪತ್ರೆ ಸಮಯಕ್ಕೆ ಕಳಿಸಿತ್ತು. ಹಾಗಾಗಿ ಬಳ್ಳಾರಿಯಲ್ಲಿ ಪತ್ರ ಬೇಗನೇ ಸಿಕ್ಕಿತು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಇತ್ತು. ಒಂದೇ ಒಂದು ಪ್ರತಿ ತಂದರು. ಗಂಗಮ್ಮ ಅದನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದರು, ಹಾಳಾಗಬಾರದು ಅಂತ.

ಆ ಪತ್ರದಲ್ಲಿ ಸತ್ತವರ ಹೆಸರು ಹನುಮೇಶ. ಹೆಂಡತಿಯ ಹೆಸರು ಗಂಗವ್ವ. ಆ ದಿನ ಮನೆಯಲ್ಲಿ ಯಾರೂ ಅದನ್ನು ತಪ್ಪು ಅಂದುಕೊಳ್ಳಲಿಲ್ಲ. ಅವರಿಗೆ ಅದು ತಪ್ಪಾಗಿರಲೂ ಇಲ್ಲ.

ಕಂಪನಿ ಕೇಳಿದ್ದು, ಮನೆಯವರಿಗೆ ಕೇಳಿಸಿದ್ದು

ಮಾರ್ಚಿನಲ್ಲಿ ದುಬೈನಿಂದ ಫೋನ್ ಬಂತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ರಾಯಚೂರು ಕಡೆಯ ಒಬ್ಬರು ಕಂಪನಿಯ ಪರವಾಗಿ ಕನ್ನಡದಲ್ಲಿ ತಿಳಿಸಿದರು. ಬರಬೇಕಾದ ಸರ್ವೀಸಿನ ದುಡ್ಡು ಇದೆ. ಅಲ್ಲಿನ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಇವರ ಮೂಲ ವೇತನ ತಿಂಗಳಿಗೆ 1,200 ದಿರ್ಹಮ್, ಅಂದರೆ ದಿನಕ್ಕೆ 40. ಮೊದಲ ಐದು ವರ್ಷಕ್ಕೆ 4,200, ಉಳಿದ ಆರು ವರ್ಷಕ್ಕೆ 7,200. ಒಟ್ಟು 11,400 ದಿರ್ಹಮ್. ನಮ್ಮ ದುಡ್ಡಿನಲ್ಲಿ ಎರಡೂವರೆ ಲಕ್ಷದ ಆಸುಪಾಸು. ಅದಲ್ಲದೆ ಅಲ್ಲಿನ ಬ್ಯಾಂಕಿನಲ್ಲಿ ಸುಮಾರು 3,000 ದಿರ್ಹಮ್ ಉಳಿದಿತ್ತು.

ಬೇಕಾದದ್ದು ಮೂರು ಕಾಗದ: ಮರಣ ಪತ್ರ, ವಾರಸುದಾರರು ಯಾರು ಅನ್ನುವ ಪತ್ರ, ಅಲ್ಲಿ ಓಡಾಡುವವರಿಗೆ ಒಂದು ಪವರ್ ಆಫ್ ಅಟಾರ್ನಿ. ಮೂರೂ "ಅಟೆಸ್ಟ್" ಆಗಿರಬೇಕು.

ಈ ಒಂದು ಮಾತೇ ಮೊದಲ ಎಡವಟ್ಟಿಗೆ ಕಾರಣ. ನಮ್ಮಲ್ಲಿ ಅಟೆಸ್ಟ್ ಅಂದರೆ ಝೆರಾಕ್ಸ್ ಮೇಲೆ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿ, ಕೆಳಗೊಂದು ರಬ್ಬರ್ ಸ್ಟಾಂಪು. ಗಂಗಮ್ಮನ ತಮ್ಮ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹಸಿರು ಸಹಿ ಮಾಡಿಸಿ, ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಿದ. ಹತ್ತು ದಿನ ಬಿಟ್ಟು ಉತ್ತರ ಬಂತು: ಇದು ನಡೆಯಲ್ಲ.

ಅಷ್ಟರಲ್ಲಿ ಯಾರೋ ಹತ್ತು ಲಕ್ಷ ವಿಮೆ ಬರುತ್ತೆ ಅಂತ ಆಸೆ ಹುಟ್ಟಿಸಿದ್ದರು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಹತ್ತು ಲಕ್ಷ ಇರುವುದು ನಿಜ. ಆದರೆ ಅದು ಅಪಘಾತದ ಸಾವಿಗೆ, ಇಲ್ಲವೇ ಶಾಶ್ವತ ಅಂಗವೈಕಲ್ಯಕ್ಕೆ. ಹೃದಯಾಘಾತಕ್ಕೆ ಇಲ್ಲ. ಇದನ್ನು ಆ ತಾಯಿಗೆ ಹೇಳಿದ್ದು ನಾನೇ. ಇಂಥದ್ದನ್ನು ಹೇಳುವುದು ಸುಲಭವಲ್ಲ, ಆದರೆ ತಡ ಮಾಡಿದಷ್ಟೂ ಆಸೆ ಬೇರು ಬಿಡುತ್ತದೆ.

ಏಜೆಂಟರ ದಾರಿ

ಹಸಿರು ಸಹಿ ನಡೆಯಲಿಲ್ಲ ಅಂದಾಗ ಅವರು ಒಬ್ಬ ಏಜೆಂಟರನ್ನು ಹಿಡಿದರು. ಅವರು ಮೊದಲು ಕೇಳಿದ್ದು ಮೂಲ ಪತ್ರ. ಲ್ಯಾಮಿನೇಷನ್ ನೋಡಿ, ಇದರ ಮೇಲೆ ಸೀಲು ಹಾಕಲು ಆಗಲ್ಲ, ಇನ್ನೊಂದು ಪ್ರತಿ ತನ್ನಿ ಅಂದರು. ಮತ್ತೆ ಬಳ್ಳಾರಿ. ಆಮೇಲೆ 14,000 ರೂಪಾಯಿ ತೆಗೆದುಕೊಂಡು, ಐದು ವಾರದಲ್ಲಿ ಕೆಲಸ ಮುಗಿಸಿ ಕೊಟ್ಟರು. ಹಿಂಬದಿಯಲ್ಲಿ ರಾಜ್ಯ ಸರ್ಕಾರದ ಸೀಲು, ಅದರ ಜೊತೆಗೆ ವಿದೇಶಾಂಗ ಸಚಿವಾಲಯದ ಚೌಕ ಸ್ಟಿಕ್ಕರು. ಅದೇ ಅಪೊಸ್ಟಿಲ್.

ಅಪೊಸ್ಟಿಲ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಒಂದು ಒಪ್ಪಂದ ಆಯಿತು. ಅದರಲ್ಲಿರುವ ದೇಶಗಳು ಒಬ್ಬರ ಕಾಗದವನ್ನು ಇನ್ನೊಬ್ಬರು ಒಂದೇ ಸ್ಟಿಕ್ಕರಿನ ಮೇಲೆ ನಂಬುತ್ತವೆ, ರಾಯಭಾರ ಕಚೇರಿಗೆ ಮತ್ತೆ ಅಲೆಯಬೇಕಿಲ್ಲ. ಭಾರತಕ್ಕೆ ಇದು ಜಾರಿಗೆ ಬಂದದ್ದು 2005ರ ಜುಲೈ 14ರಿಂದ. ಸರ್ಕಾರಕ್ಕೆ ಕಟ್ಟುವ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಅದರ ಮೇಲೆ ಕಾಗದ ತೆಗೆದುಕೊಳ್ಳುವ ಗುತ್ತಿಗೆ ಸಂಸ್ಥೆಯ ಸೇವಾ ಶುಲ್ಕ.

ಆದರೆ ದುಬೈ ಇರುವ ದೇಶ ಯುಎಇ, ಅದು ಆ ಒಪ್ಪಂದದಲ್ಲಿ ಇಲ್ಲ. ಒಮಾನ್ ಇದೆ, ಬಹರೇನ್ ಇದೆ, ಸೌದಿ 2022ರ ಡಿಸೆಂಬರಿನಲ್ಲಿ ಬಂತು. ಯುಎಇ, ಕತಾರ್, ಕುವೈತ್ ಇಲ್ಲ. ಆ ಏಜೆಂಟರು ಹಿಂದೆ ಒಮಾನ್‌ಗೆ ಎರಡು ಮೂರು ಕಾಗದ ಮಾಡಿಸಿದ್ದರಂತೆ, ಅವು ನಡೆದಿದ್ದವು. ಗಲ್ಫ್ ಅಂದರೆ ಎಲ್ಲಾ ಒಂದೇ ಅಂದುಕೊಂಡರು. ಅವರು ಮೋಸ ಮಾಡಿದರು ಅಂತ ನನಗೆ ಅನ್ನಿಸಲಿಲ್ಲ. ಆದರೆ ಹೋದ 14,000 ಗಂಗಮ್ಮನದು. ಅದರಲ್ಲಿ ಎಂಟು ಸಾವಿರ ಸ್ವಸಹಾಯ ಸಂಘದ ಸಾಲ.

ಕಂಪನಿಯಿಂದ ಬಂದ ಉತ್ತರ ಒಂದೇ ಸಾಲು: ನಮ್ಮ ಯುಎಇ ರಾಯಭಾರ ಕಚೇರಿಯ ಸೀಲು ಇಲ್ಲ, ತೆಗೆದುಕೊಳ್ಳಲು ಬರಲ್ಲ.

ಅವರು ನನ್ನ ಹತ್ತಿರ ಬಂದದ್ದು ಆಗ, ಜೂನ್ ತಿಂಗಳಲ್ಲಿ. ಒಂದು ಮಾತು ಒಪ್ಪಿಕೊಳ್ಳಬೇಕು. ಫೆಬ್ರವರಿಯಲ್ಲಿ ವಂಶವೃಕ್ಷದ ಅರ್ಜಿಗೆ ಇದೇ ಮನೆಯವರು ಒಮ್ಮೆ ಬಂದಿದ್ದರು. ಅಂದೇ ನಾನು "ಅವರು ಯಾವ ದೇಶದಲ್ಲಿದ್ದರು, ಅಲ್ಲಿಂದ ಏನಾದರೂ ಬರಬೇಕಾ" ಅಂತ ಕೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಕೇಳಲಿಲ್ಲ. ಈಗ ಯಾರ ಮರಣ ಪತ್ರ ಬಂದರೂ ನಾನು ಮೊದಲು ಕೇಳುವುದು ಇದನ್ನೇ.

ಎರಡು ಕಾಗದ ಪಕ್ಕಪಕ್ಕ

ಎಲ್ಲರ ತಲೆಯಲ್ಲಿ ಇದ್ದದ್ದು ಒಂದೇ: ರಾಯಭಾರ ಕಚೇರಿಯ ಸೀಲು ಹಾಕಿಸಿದರೆ ಮುಗಿಯಿತು. ಏಜೆಂಟರೂ ಫೋನಿನಲ್ಲಿ ಅದನ್ನೇ ಅಂದರು, ಇನ್ನು ಒಂಬತ್ತು ಸಾವಿರ ಆಗುತ್ತೆ ಅಂತ.

ನಾನು ಪಾಸ್‌ಪೋರ್ಟ್ ತರಿಸಿದೆ. ಅದನ್ನೂ ಮರಣ ಪತ್ರವನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟೆ. ಇಂಗ್ಲಿಷ್ ಅಕ್ಷರ ಒಂದೊಂದನ್ನೇ ಬೆರಳಿಟ್ಟು ಓದಿದೆ. ಪಾಸ್‌ಪೋರ್ಟಿನಲ್ಲಿ ಹನುಮಂತಪ್ಪ, ಕೊನೆಯಲ್ಲಿ ಎರಡು 'ಪಿ'. ಮರಣ ಪತ್ರದಲ್ಲಿ ಹನುಮೇಶ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹೆಂಡತಿ ಗಂಗಮ್ಮ. ಮರಣ ಪತ್ರದಲ್ಲಿ ಗಂಗವ್ವ. ತಂದೆಯ ಹೆಸರು ಯಮನಪ್ಪ ಅಂತ ಎರಡರಲ್ಲೂ ಸರಿ ಇತ್ತು.

ಗಂಗಮ್ಮ ಕೇಳಿದರು: "ಸರ್ಕಾರದವ್ರು ಇಷ್ಟು ಮಂದಿ ನೋಡಿ ಸೀಲ್ ಹಾಕ್ಯಾರಲ್ಲ ಅಣ್ಣಾ, ಯಾರೂ ತಪ್ಪು ಅನ್ನಲಿಲ್ಲಲ್ಲ?"

ಈ ಪ್ರಶ್ನೆಗೆ ಉತ್ತರ ಸ್ಟಿಕ್ಕರಿನ ಮೇಲೇ ಇತ್ತು. ಅದರಲ್ಲಿ ಹತ್ತು ಸಾಲು, ಒಂದೊಂದಕ್ಕೂ ನಂಬರು. ದೇಶ ಯಾವುದು, ಸಹಿ ಮಾಡಿದವರು ಯಾರು, ಯಾವ ಹುದ್ದೆಯಲ್ಲಿದ್ದು ಸಹಿ ಮಾಡಿದರು, ಯಾವ ಕಚೇರಿಯ ಸೀಲು ಇದೆ. ಆಮೇಲೆ ಎಲ್ಲಿ, ಯಾವತ್ತು, ಯಾರು ದೃಢೀಕರಿಸಿದರು, ನಂಬರೆಷ್ಟು, ಸೀಲು, ಸಹಿ. ಅಷ್ಟೇ. ಸಹಿ ಅಸಲಿ, ಹುದ್ದೆ ನಿಜ, ಸೀಲು ನಿಜ ಅನ್ನುವುದಷ್ಟೇ ಅದರ ಮಾತು. ಒಳಗೆ ಬರೆದದ್ದು ಸರಿಯೋ ತಪ್ಪೋ ಅಂತ ಅದು ಹೇಳುವುದಿಲ್ಲ, ಹೇಳಬೇಕಾದ್ದೂ ಇಲ್ಲ. ಬೆಂಗಳೂರಿನವರು ಬಳ್ಳಾರಿಯ ಸಹಿ ನೋಡಿದರು, ವಿದೇಶಾಂಗದವರು ಬೆಂಗಳೂರಿನ ಸಹಿ ನೋಡಿದರು. ಸತ್ತವರ ಹೆಸರು ಸರಿ ಇದೆಯಾ ಅಂತ ನೋಡುವುದು ಅವರ್ಯಾರ ಕೆಲಸವೂ ಅಲ್ಲ. ಆ ಕೆಲಸ ನಮ್ಮದು, ಕಾಗದ ಬಳ್ಳಾರಿ ಬಿಡುವ ಮೊದಲಿನದು.

ಯುಎಇ ಸೀಲು ಇಲ್ಲ ಅಂತ ಕಾಗದ ವಾಪಸ್ ಬಂದದ್ದೇ ಒಳ್ಳೆಯದಾಯಿತು ಅಂತ ಆ ದಿನ ನನಗೆ ಅನ್ನಿಸಿತು. ಆ ಸೀಲನ್ನೂ ಹಾಕಿಸಿ, ಅರಬ್ಬಿಗೆ ಅನುವಾದ ಮಾಡಿಸಿ, ಆಮೇಲೆ "ಈ ಹನುಮೇಶ ಯಾರು" ಅಂತ ಕೇಳಿದ್ದರೆ ಇಡೀ ದಾರಿಯನ್ನು ಮತ್ತೆ ಮೊದಲಿಂದ ತುಳಿಯಬೇಕಿತ್ತು.

ಅಫಿಡವಿಟ್ ಸಾಕಾ, ತಿದ್ದುಪಡಿ ಬೇಕಾ?

ಇಡೀ ಪ್ರಕರಣದಲ್ಲಿ ನಿಜವಾಗಿ ತೀರ್ಮಾನ ತೆಗೆದುಕೊಂಡ ಜಾಗ ಇದು.

ಒಂದು ದಾರಿ ಸುಲಭದ್ದು. ಹನುಮೇಶ, ಹನುಮಂತಪ್ಪ ಇಬ್ಬರೂ ಒಬ್ಬರೇ ಅಂತ ಸ್ಟಾಂಪ್ ಪೇಪರ್ ಮೇಲೆ ಒಂದು ಅಫಿಡವಿಟ್, ನೋಟರಿ ಸಹಿ, ಅರ್ಧ ದಿನದ ಕೆಲಸ. ಅಂಥ ಅಫಿಡವಿಟ್‌ಗಳನ್ನು ನಾನೇ ನೂರಾರು ಟೈಪ್ ಮಾಡಿದ್ದೇನೆ. ಇಲ್ಲಿನ ಬ್ಯಾಂಕಿಗೆ, ಸೊಸೈಟಿಗೆ ಅದು ನಡೆಯುತ್ತದೆ. ಪರಿಚಯದ ವಕೀಲರೂ ಅದನ್ನೇ ಮಾಡಿ ಅಂದರು. ಮನೆಯವರಿಗೂ ಅದೇ ಬೇಕಿತ್ತು. ಆರು ತಿಂಗಳು ಅಲೆದು ಸಾಕಾಗಿತ್ತು.

ಇನ್ನೊಂದು, ರಿಜಿಸ್ಟರಿನಲ್ಲೇ ತಿದ್ದಿಸುವುದು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ನೋಂದಣಾಧಿಕಾರಿಗೆ ಆ ಅಧಿಕಾರ ಕೊಡುತ್ತದೆ. ಬರಹದಲ್ಲಿ ಕೈತಪ್ಪು ಆಗಿದ್ದರೆ ಒಂದು ರೀತಿ. ವಿಷಯವೇ ತಪ್ಪು ಅನ್ನುವುದಾದರೆ, ಸಂಗತಿ ಗೊತ್ತಿರುವ ಇಬ್ಬರು ನಂಬಿಕಸ್ಥರು ತಪ್ಪು ಏನು, ನಿಜ ಏನು ಅಂತ ಬರೆದುಕೊಡಬೇಕು. ಇದಕ್ಕೆ ಬಳ್ಳಾರಿಗೆ ಎಷ್ಟು ಸಲ ಹೋಗಬೇಕಾಗುತ್ತೋ ಹೇಳಲು ಆಗುತ್ತಿರಲಿಲ್ಲ.

ನಾನು ತಿದ್ದುಪಡಿಯನ್ನೇ ಮಾಡಿಸಿ ಅಂದೆ. ಅಫಿಡವಿಟ್ ಮಾಡಿಸಿದರೆ ಅದು ನಾಲ್ಕನೇ ಕಾಗದ ಆಗುತ್ತದೆ. ಅದಕ್ಕೂ ಅಷ್ಟೇ ಸೀಲು, ಅಷ್ಟೇ ಅನುವಾದ, ಅಷ್ಟೇ ಖರ್ಚು. ಅದಕ್ಕಿಂತ ದೊಡ್ಡದು, ಅಲ್ಲಿ ಕುಳಿತು ಓದುವವರಿಗೆ ನಮ್ಮ ಓಣಿಯ ಹೆಸರಿನ ಪದ್ಧತಿ ಗೊತ್ತಿಲ್ಲ. ಅವರಿಗೆ ಕಾಣುವುದು ಎರಡು ಹೆಸರು, ಇಬ್ಬರು ಮನುಷ್ಯರು. ಹೆಂಡತಿ ತಾನೇ ಬರೆದುಕೊಟ್ಟ ಮಾತಿನ ಮೇಲೆ ದುಡ್ಡು ಬಿಡಿ ಅಂದರೆ ಅನುಮಾನ ಬರುವುದು ಸಹಜ, ಅಲ್ವಾ?

ಗಂಗಮ್ಮ ಸ್ವಲ್ಪ ಹೊತ್ತು ಸುಮ್ನೆ ಕುಳಿತರು. ಆಮೇಲೆ ಮಗಳ ಮುಖ ನೋಡಿ ಅಂದರು: "ಅವ್ರ ಹೆಸ್ರು ಸತ್ತ ಮ್ಯಾಲಾರ ಸರಿ ಇರ್ಲಿ. ಬಳ್ಳಾರಿಗೇ ಹೋಗೋಣ."

ಅಂಚಿನಲ್ಲಿ ಬರೆದ ಸಾಲು

ಬಳ್ಳಾರಿಗೆ ಮೂರು ಸಲ ಹೋದೆವು. ಮೊದಲ ಸಲ ಅರ್ಜಿ, ಪಾಸ್‌ಪೋರ್ಟ್, ಆಧಾರ್, ಶಾಲೆಯ ಟಿಸಿ ಕೊಟ್ಟೆವು. ಟಿಸಿಯನ್ನು ಆ ಮನೆಯ ಟ್ರಂಕಿನ ತಳದಿಂದ ತೆಗೆದದ್ದು, ಮಡಿಕೆಯಲ್ಲಿ ಹರಿದಿತ್ತು. ಅದರಲ್ಲೂ ಹನುಮಂತಪ್ಪ ಅಂತಲೇ ಇತ್ತು. ನೋಂದಣಿ ಕಚೇರಿಯವರು ನೋಡಿ, ಮಾಹಿತಿ ಕಳಿಸಿದ್ದು ಆಸ್ಪತ್ರೆ, ಹನುಮೇಶ ಅಂತ ದಾಖಲಾದವರು ಇವರೇ ಅಂತ ಅಲ್ಲಿಂದ ಒಂದು ಪತ್ರ ತನ್ನಿ ಅಂದರು. ನನಗೆ ಅದು ನ್ಯಾಯವಾಗೇ ಕಂಡಿತು. ಯಾರೋ ಬಂದು ಸತ್ತವರ ಹೆಸರು ಬದಲಿಸಿ ಅಂದರೆ ಸುಮ್ನೆ ಬದಲಿಸುವುದು ಸರಿಯಲ್ಲ.

ಆಸ್ಪತ್ರೆಯ ಪತ್ರಕ್ಕೆ ಮೂರು ವಾರ ಹಿಡಿಯಿತು. ದಾಖಲಾದ ದಿನ, ವಯಸ್ಸು, ವಿಳಾಸ, ಕರೆದುಕೊಂಡು ಬಂದವರ ಫೋನ್ ನಂಬರ್ ಎಲ್ಲಾ ತಾಳೆ ಆದ ಮೇಲೆ ಕೊಟ್ಟರು. ಅಲ್ಲೇ ಇನ್ನೊಂದು ಕೆಲಸವನ್ನೂ ಮುಗಿಸಿಕೊಂಡೆವು. ಸಾವಿನ ಕಾರಣ ಬರೆದ ವೈದ್ಯಕೀಯ ಸಾರಾಂಶವನ್ನು ಸಹಿ, ಸೀಲಿನ ಸಮೇತ ತೆಗೆದುಕೊಂಡೆವು. ಯಾಕೆ ಅಂದರೆ, ಮರಣ ಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಯಾರಿಗೇ ಕೊಡುವ ಪ್ರತಿಯಲ್ಲೂ ಕಾರಣ ತೋರಿಸಬಾರದು ಅಂತ 17ನೇ ಕಲಮಿನಲ್ಲೇ ಇದೆ. ದುಬೈನವರು ಆಮೇಲೆ ಇದನ್ನು ಕೇಳಿಯೇ ಕೇಳಿದರು. ಆಗ ಇದು ಕೈಯಲ್ಲಿತ್ತು.

ಎರಡನೇ ಸಲ ಇಬ್ಬರು ನಂಬಿಕಸ್ಥರನ್ನು ಕರೆದುಕೊಂಡು ಹೋದೆವು. ಒಬ್ಬರು ಊರಿನ ನಿವೃತ್ತ ಹೆಡ್‌ಮಾಸ್ತರು, ಹನುಮಂತಪ್ಪನವರಿಗೆ ಪಾಠ ಹೇಳಿದವರು. ಇನ್ನೊಬ್ಬರು ಪಕ್ಕದ ಮನೆಯವರು, ಸಂಬಂಧಿಕರಲ್ಲ. ಬೇಕಂತಲೇ ಸಂಬಂಧಿಕರಲ್ಲದವರನ್ನು ಹುಡುಕಿದ್ದೆವು. ಎಪ್ಪತ್ತು ದಾಟಿದ ಆ ಮಾಸ್ತರರು ಬಿಸಿಲಲ್ಲಿ ಬಸ್ಸಿನಲ್ಲಿ ಬಂದು, ಕನ್ನಡಕ ಏರಿಸಿ, ಬರೆದದ್ದನ್ನು ಪೂರ್ತಿ ಓದಿ, ಆಮೇಲೆ ಸಹಿ ಮಾಡಿದರು. "ಈ ಹುಡುಗನ ಹೆಸರು ಹಾಜರಿ ಪುಸ್ತಕದಾಗ ನಾನೇ ಬರ್ದಿದ್ದೆ" ಅಂದರು.

ಮೂರನೇ ಸಲ ತಿದ್ದುಪಡಿ ಆಗಿತ್ತು. ನಾನು ಆ ಪುಟ ನೋಡಿದೆ. ಮೊದಲು ಬರೆದ 'ಹನುಮೇಶ' ಅಲ್ಲೇ ಇತ್ತು. ಅದನ್ನು ಹೊಡೆದು ಹಾಕಿರಲಿಲ್ಲ, ಅಳಿಸಿರಲಿಲ್ಲ. ಅಂಚಿನಲ್ಲಿ ಹೊಸ ಸಾಲು: ಹನುಮಂತಪ್ಪ ಎಂದು ತಿದ್ದಲಾಗಿದೆ. ಕೆಳಗೆ ಸಹಿ, ತಾರೀಖು. ಹೆಂಡತಿಯ ಹೆಸರಿಗೂ ಹಾಗೆಯೇ. ಕಾಯ್ದೆ ಹೇಳುವುದೂ ಇದನ್ನೇ, ಮೂಲ ಬರಹವನ್ನು ಮುಟ್ಟದೆ ಅಂಚಿನಲ್ಲಿ ಸರಿಪಡಿಸಬೇಕು. ಎಷ್ಟು ಒಳ್ಳೆಯ ಕ್ರಮ ಅನ್ನಿಸಿತು ನನಗೆ. ಏನು ಇತ್ತು, ಏನು ಆಯಿತು, ಯಾರು ಮಾಡಿದರು, ಎಲ್ಲಾ ಒಂದೇ ಪುಟದಲ್ಲಿ ಉಳಿಯುತ್ತದೆ.

ಹೊಸ ಪತ್ರದ ಆರು ಪ್ರತಿ ತೆಗೆದುಕೊಂಡೆವು. ಪ್ರತಿಯ ಶುಲ್ಕ ತೀರಾ ಕಡಿಮೆ, ಬಳ್ಳಾರಿಯ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ. ಕೌಂಟರ್ ಬಿಡುವ ಮೊದಲು ಅಲ್ಲೇ ಬೆಂಚಿನ ಮೇಲೆ ಕುಳಿತು, ಪಾಸ್‌ಪೋರ್ಟ್ ಎದುರಿಟ್ಟು, ಮಗಳ ಕೈಯಲ್ಲಿ ಒಂದೊಂದು ಅಕ್ಷರ ಓದಿಸಿದೆ. ಲ್ಯಾಮಿನೇಷನ್ ಬೇಡ ಅಂತ ನಾನು ಹೇಳುವ ಮೊದಲೇ ಗಂಗಮ್ಮ ಪ್ಲಾಸ್ಟಿಕ್ ಫೈಲು ತೆಗೆದರು.

ಮತ್ತೆ ಮೇಲಕ್ಕೆ

ಇಲ್ಲಿಂದ ಮುಂದಿನದು ಉದ್ದ, ಆದರೆ ಕಷ್ಟದ್ದಲ್ಲ. ಅದೇ ಹೆಸರು, ಅದೇ ಅಕ್ಷರಗಳಲ್ಲಿ ವಂಶವೃಕ್ಷ ಹೊಸದಾಗಿ ಮಾಡಿಸಿದೆವು. ಹಳೆಯದರಲ್ಲಿ ರೇಷನ್ ಕಾರ್ಡ್ ನೋಡಿ ಹನುಮಪ್ಪ ಅಂತ ಬರೆದಿದ್ದರು. ಪವರ್ ಆಫ್ ಅಟಾರ್ನಿಯನ್ನು ರಾಯಚೂರು ಕಡೆಯ ಆ ಸಹೋದ್ಯೋಗಿಯ ಹೆಸರಿಗೆ ಬರೆದೆವು. ಅವರ ಹೆಸರನ್ನೂ ಅವರ ಪಾಸ್‌ಪೋರ್ಟ್ ನೋಡಿಯೇ ಟೈಪ್ ಮಾಡಿದೆ. ಅಧಿಕಾರ ಕೊಟ್ಟದ್ದು ಎರಡೇ ಕೆಲಸಕ್ಕೆ: ಕಾಗದ ಸಲ್ಲಿಸುವುದು, ವಿಚಾರಿಸುವುದು. ದುಡ್ಡು ನೇರವಾಗಿ ಗಂಗಮ್ಮನ ಖಾತೆಗೇ ಬರಬೇಕು ಅಂತ ಬಿಡಿಸಿ ಬರೆದೆ. ಆ ಮನುಷ್ಯ ಒಳ್ಳೆಯವರು. ಹಾಗಂತ ಕಾಗದದಲ್ಲಿ ಸಡಿಲ ಬಿಡಬಾರದು. ಅದು ಅವರಿಗೂ ಒಳ್ಳೆಯದು.

ಮೂರು ಕಾಗದವನ್ನೂ ಒಟ್ಟಿಗೆ ಕಳಿಸಿದೆವು. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ. ಆಮೇಲೆ ವಿದೇಶಾಂಗ ಸಚಿವಾಲಯದ್ದು. ಇದಕ್ಕೆ ದಿಲ್ಲಿಗೇ ಹೋಗಬೇಕು ಅಂತಿಲ್ಲ, 2019ರಿಂದ ಬೆಂಗಳೂರಿನಲ್ಲೂ ಆಗುತ್ತದೆ. ಅರ್ಜಿಯಲ್ಲಿ ದೇಶ ಯುಎಇ ಅಂತ ಬರೆದದ್ದರಿಂದ ಈ ಸಲ ಅಪೊಸ್ಟಿಲ್ ಅಲ್ಲ, ಸಾದಾ ದೃಢೀಕರಣದ ಸೀಲು. ಅದರ ಮೇಲೆ ಯುಎಇ ರಾಯಭಾರ ಕಚೇರಿಯ ಸೀಲು. ಕಾಗದ ದುಬೈ ಮುಟ್ಟಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ್ದು. ಕೊನೆಗೆ ಅರಬ್ಬಿ ಅನುವಾದ.

ಅನುವಾದವನ್ನು ಇಲ್ಲೇ ಮಾಡಿಸಿ ಕಳಿಸೋಣ ಅಂತ ಒಂದು ಯೋಚನೆ ಬಂದಿತ್ತು. ಬೇಡ ಅಂತ ಬಿಟ್ಟದ್ದು ಒಳ್ಳೆಯದಾಯಿತು. ಅಲ್ಲಿ ಮಾನ್ಯತೆ ಇರುವ ಅನುವಾದಕರೇ ಮಾಡಬೇಕು, ಅದೂ ಸೀಲುಗಳೆಲ್ಲ ಬಿದ್ದ ಮೇಲೆ. ಅನುವಾದಕರಿಗೆ ಹನುಮಂತಪ್ಪನವರ ಎಮಿರೇಟ್ಸ್ ಐಡಿಯ (ಅಲ್ಲಿನ ಗುರುತಿನ ಚೀಟಿಯ) ಪ್ರತಿ ಕೊಡಿ ಅಂತ ಸಹೋದ್ಯೋಗಿಗೆ ಹೇಳಿದ್ದೆ. ಆ ಕಾರ್ಡಿನಲ್ಲಿ ಹೆಸರು ಅರಬ್ಬಿಯಲ್ಲೂ ಇರುತ್ತದೆ. ಅರಬ್ಬಿಯಲ್ಲಿ 'ಪ' ಅಕ್ಷರವೇ ಇಲ್ಲ, 'ಬ' ಬರೆಯುತ್ತಾರೆ. ನಮ್ಮ ಕಡೆಯ ಅಪ್ಪಗಳೆಲ್ಲ ಅಲ್ಲಿ ಅಬ್ಬ ಆಗುತ್ತಾರೆ. ಒಬ್ಬೊಬ್ಬರು ಒಂದೊಂದು ಥರ ಬರೆದರೆ ಅಲ್ಲಿ ಮತ್ತೆ ಹೆಸರಿನ ಗೋಳು. ಐಡಿ ನೋಡಿ ಬರೆದದ್ದರಿಂದ ಹಳೆಯ ದಾಖಲೆಗೆ ತಾಳೆ ಆಯಿತು.

ಇದೇ ವರ್ಷ ಇನ್ನೊಬ್ಬರು ಜರ್ಮನಿಗೆ ಹೋಗುವ ಕಾಗದ ತಂದಿದ್ದರು. ಅದನ್ನೂ ಇಲ್ಲೇ ಹೇಳಿದರೆ ಓದುವವರಿಗೆ ಉಪಯೋಗ. ಹೇಗ್ ಒಪ್ಪಂದದಲ್ಲಿ ಜರ್ಮನಿಯೂ ಇದೆ, ಭಾರತವೂ ಇದೆ. ಆದರೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಹಾಗಾಗಿ ಈ ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ದೇಶದ ಹೆಸರು ಪಟ್ಟಿಯಲ್ಲಿದೆ ಅಂತ ನೋಡಿದರೆ ಸಾಲದು. ಕಾಗದ ತೆಗೆದುಕೊಳ್ಳುವ ಕಚೇರಿಯನ್ನೇ ಬರಹದಲ್ಲಿ ಕೇಳಬೇಕು, ನಿಮಗೆ ಯಾವ ಸೀಲು ಬೇಕು ಅಂತ. ಗಂಗಮ್ಮನ ವಿಷಯದಲ್ಲಿ ನಾವು ಎರಡನೇ ಸಲ ಕಳಿಸುವ ಮೊದಲು ಕಂಪನಿಯಿಂದ ಈ-ಮೇಲಿನಲ್ಲಿ ಆ ಉತ್ತರ ತರಿಸಿಕೊಂಡಿದ್ದೆವು. ಫೋನಿನ ಮಾತು ಮೊದಲ ಸಲ ಏನು ಮಾಡಿತು ಅಂತ ನೋಡಿದ್ದೆವಲ್ಲ.

ಈಗ ಎಲ್ಲಿಗೆ ಬಂತು

ನವೆಂಬರಿನಲ್ಲಿ 11,400 ದಿರ್ಹಮ್ ಗಂಗಮ್ಮನ ಗಂಗಾವತಿಯ ಖಾತೆಗೆ ಬಂತು. ಸಾವಾದ ಹತ್ತನೇ ತಿಂಗಳು. ಕಂಪನಿ ಸತಾಯಿಸಿತು ಅಂತ ಹೇಳಲಾರೆ, ಕಾಗದ ಸರಿ ಹೋದ ಮೇಲೆ ಎರಡು ವಾರದಲ್ಲಿ ಕಳಿಸಿದರು. ತಡ ಆದದ್ದೆಲ್ಲ ನಮ್ಮ ಕಡೆ. ಹಸಿರು ಶಾಯಿಗೆ, ತಪ್ಪು ಸ್ಟಿಕ್ಕರಿಗೆ, ಒಂದು ಹೆಸರಿಗೆ. ಸಂಘದ ಸಾಲ ತೀರಿಸಿ, ಮಗಳ ಕಾಲೇಜಿನ ಫೀ ಕಟ್ಟಿ, ಉಳಿದದ್ದನ್ನು ಮಕ್ಕಳ ಹೆಸರಿನಲ್ಲಿ ಠೇವಣಿ ಇಟ್ಟರು.

ಬ್ಯಾಂಕಿನ 3,000 ದಿರ್ಹಮ್ ಇನ್ನೂ ಬಂದಿಲ್ಲ. ಕಂಪನಿಯ ಬಾಕಿ ಬೇರೆ, ಬ್ಯಾಂಕಿನ ಖಾತೆ ಬೇರೆ. ಖಾತೆದಾರ ಸತ್ತ ಮೇಲೆ ಖಾತೆ ತಡೆ ಹಿಡಿಯುತ್ತಾರೆ, ಬಿಡಿಸಲು ಅಲ್ಲಿನ ಕೋರ್ಟಿನ ವಾರಸಾ ಆದೇಶ ಬೇಕು ಅಂದಿದ್ದಾರೆ. ಅಲ್ಲಿನ ವಕೀಲರು ಹೇಳಿದ ಫೀ ಹೆಚ್ಚುಕಡಿಮೆ ಆ ದುಡ್ಡಿನಷ್ಟೇ ಆಗುತ್ತದೆ. ಗಂಗಮ್ಮ ಸದ್ಯಕ್ಕೆ ಬೇಡ ಅಂದಿದ್ದಾರೆ. ಖಾತೆಯ ನಂಬರು, ಬ್ಯಾಂಕಿನ ಪತ್ರ, ಸೀಲು ಬಿದ್ದ ಕಾಗದಗಳ ಸ್ಕ್ಯಾನ್ ಎಲ್ಲಾ ಒಂದು ಫೈಲಿನಲ್ಲಿ ಹಾಕಿ ಮಗಳ ಕೈಗೆ ಕೊಟ್ಟಿದ್ದೇನೆ. ಆರು ಪ್ರತಿಗಳಲ್ಲಿ ಮೂರು ಇನ್ನೂ ಹಾಗೇ ಇವೆ. ಒಂದನ್ನು ಹನುಮಂತಪ್ಪನವರ ಪಾಸ್‌ಪೋರ್ಟ್ ರದ್ದು ಮಾಡಿಸುವ ಅರ್ಜಿಗೆ ಇಡಬೇಕು. ಆ ಕೆಲಸಕ್ಕೆ ಮುಂದಿನ ಸೋಮವಾರ ಬರ್ತೀನಿ ಅಂದಿದ್ದಾಳೆ ಮಗಳು, ಅವಳಿಗೆ ಅಂದು ಪರೀಕ್ಷೆ ಮುಗಿಯುತ್ತದೆ.